ನಾಲ್ಕು ಜನ ಗೆಳೆಯರಿಗೆ ಯಾವ ಡ್ರೋನ್? ಬೆಂಗಳೂರಿನ ಹವ್ಯಾಸಿಗಳಿಗೆ ಒಂದು ಹೋಲಿಕೆ

ಡ್ರೋನ್ ಕೊಳ್ಳಲು ಹೊರಟವರು ಮೊದಲು ನೋಡುವುದು ಕ್ಯಾಮೆರಾ. 4ಕೆ ಇದೆಯಾ, ಸೆನ್ಸರ್ ಎಷ್ಟು ದೊಡ್ಡದು, ಎಷ್ಟು ದೂರ ಹೋಗುತ್ತೆ ಎಂದು ವಿಚಾರಿಸುತ್ತಾರೆ. ಒಬ್ಬರೇ ಹಾರಿಸುವವರಿಗೆ ಈ ಲೆಕ್ಕ ಸಾಕು. ಭಾನುವಾರ ಬೆಳಿಗ್ಗೆ ನಾಲ್ಕೈದು ಗೆಳೆಯರು ಸೇರಿ ಹಾರಿಸಬೇಕು ಅನ್ನುವವರು ಮಾತ್ರ ಬೇರೊಂದು ಪ್ರಶ್ನೆಯಿಂದ ಶುರುಮಾಡಬೇಕು: ಒಬ್ಬೊಬ್ಬರ ಕೈಗೆ ರಿಮೋಟ್ ಎಷ್ಟು ಹೊತ್ತು ಸಿಗುತ್ತದೆ? ಒಬ್ಬ ಹಾರಿಸುತ್ತಾ, ಉಳಿದ ಮೂವರು ಕತ್ತೆತ್ತಿ ಆಕಾಶ ನೋಡುತ್ತಾ ನಿಂತರೆ ಎಂಥ ಒಳ್ಳೆಯ ಕ್ಯಾಮೆರಾ ಇದ್ದರೂ ಎರಡನೇ ತಿಂಗಳಿಗೆ ಗುಂಪು ಕರಗಿಹೋಗುತ್ತದೆ. ಹಾಗಾಗಿ ಈ ಹೋಲಿಕೆಯಲ್ಲಿ ಸರದಿಯನ್ನೇ ಮೊದಲ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಚಿತ್ರದ ಗುಣಮಟ್ಟ ಅದರ ನಂತರ.

ಇವತ್ತು ಬೆಂಗಳೂರಿನ ಹವ್ಯಾಸಿಗೆ ನೇರವಾಗಿ ತೆರೆದಿರುವ ದಾರಿಗಳು ಮೂರು. ಎಲ್ಲರೂ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಡ್ರೋನ್ ಕೊಳ್ಳುವುದು. ದೇಶದಲ್ಲೇ ತಯಾರಾದ, 250 ಗ್ರಾಂ ಒಳಗಿನ ಹೊಸ ಡ್ರೋನ್ ಕೊಳ್ಳುವುದು. ಇಲ್ಲವೇ ಬಿಡಿಭಾಗ ತಂದು, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು ಹಾರಿಸುವ ಪುಟ್ಟ ಎಫ್‌ಪಿವಿ ಡ್ರೋನ್‌ಗಳನ್ನು ಒಬ್ಬೊಬ್ಬರೂ ಕಟ್ಟಿಕೊಳ್ಳುವುದು. ಯಾವುದು ವಾಸಿ ಎನ್ನುವುದಕ್ಕೆ ಮುಂಚೆ, ಆಯ್ಕೆ ಮೂರಕ್ಕೆ ಇಳಿದದ್ದು ಹೇಗೆ ಎಂದು ತಿಳಿದಿರುವುದು ಒಳ್ಳೆಯದು.

ತೂಕ ಮತ್ತು ಆಮದು

2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಎಲ್ಲವನ್ನೂ ತೂಕದ ಮೇಲೆ ವಿಂಗಡಿಸುತ್ತವೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ನ್ಯಾನೊಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿ ಮಾನದಂಡಕ್ಕೆ ಸರಿಯಿದೆ ಎಂಬ ಪ್ರಮಾಣಪತ್ರ) ಬೇಡ, ಥರ್ಡ್ ಪಾರ್ಟಿ ವಿಮೆ ಬೇಡ, ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಮೈಕ್ರೊ ಡ್ರೋನನ್ನು ಹವ್ಯಾಸಕ್ಕಾಗಿ ಹಾರಿಸುವವರಿಗೂ ಪೈಲಟ್ ಸರ್ಟಿಫಿಕೇಟಿನಿಂದ ವಿನಾಯಿತಿ ಇದೆ, ಆದರೆ ವಿಮೆ ಮಾಡಿಸಲೇಬೇಕು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಈ ಕಾರಣಕ್ಕೇ ಗೆಳೆಯರ ಗುಂಪಿಗೆ 250 ಗ್ರಾಂ ದಾಟುವ ಯಾವ ಡ್ರೋನನ್ನೂ ಮೊದಲ ಡ್ರೋನ್ ಆಗಿ ನಾನು ಹೇಳುವುದಿಲ್ಲ. ಒಂದೇ ಡ್ರೋನನ್ನು ನಾಲ್ಕು ಕೈ ಹಾರಿಸುವಾಗ ಜವಾಬ್ದಾರಿ ಯಾರ ತಲೆಗೆ ಎಂಬ ಪ್ರಶ್ನೆ ತೂಕದ ಜೊತೆಗೇ ಬೆಳೆಯುತ್ತದೆ.

ಈ 250ರ ಗೆರೆಯ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಚೀನಾದ ಡಿಜೆಐ ಕಂಪನಿಯ ಮಿನಿ ಸರಣಿಯ ಡ್ರೋನ್‌ಗಳು 249 ಗ್ರಾಂ ಆಸುಪಾಸಿಗೆ ಬಂದು ನಿಲ್ಲುವುದು ಈ ಗೆರೆಗಾಗಿಯೇ. ಮಿನಿ 3 ಅಥವಾ ಮಿನಿ 4 ಪ್ರೊಗೆ ಹೆಚ್ಚು ಹೊತ್ತು ಹಾರುವ 'ಪ್ಲಸ್' ಬ್ಯಾಟರಿ ಹಾಕಿದರೆ ತೂಕ 290 ಗ್ರಾಂ ಹತ್ತಿರ ಹೋಗುತ್ತದೆ. ಅದೇ ಡ್ರೋನ್, ಅದೇ ಕೈ, ಆದರೆ ನಿಯಮದ ಲೆಕ್ಕದಲ್ಲಿ ಅದು ಆಗ ಮೈಕ್ರೊ. ಪ್ರೊಪೆಲ್ಲರ್ ಗಾರ್ಡ್ ಸಿಕ್ಕಿಸಿದರೂ ಇದೇ ಕಥೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬ್ಯಾಟರಿ, ಮೆಮೊರಿ ಕಾರ್ಡ್, ಗಾರ್ಡ್ ಸಮೇತ ಒಮ್ಮೆ ಇಟ್ಟು ನೋಡಿ.

ಇನ್ನು ಆಮದು. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ಪೂರ್ತಿ ಜೋಡಿಸಿದ್ದಾಗಲಿ, ಕಿಟ್ ರೂಪದಲ್ಲಿ ಬಿಚ್ಚಿಟ್ಟದ್ದಾಗಲಿ ತರುವಂತಿಲ್ಲ. ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ 2023ರ ಮಿನಿ 4 ಪ್ರೊ, 2025ರ ಮಿನಿ 5 ಪ್ರೊ ಎಂದು ಯೂಟ್ಯೂಬ್‌ನಲ್ಲಿ ಎಷ್ಟೇ ರಿವ್ಯೂ ನೋಡಿದರೂ ಅವು ಈ ಹೋಲಿಕೆಯಲ್ಲಿ ಬರುವುದಿಲ್ಲ. ದುಬೈನಿಂದ ಬರುವ ನೆಂಟರ ಕೈಲಿ ತರಿಸೋಣ ಎಂಬ ಯೋಚನೆ ಇದ್ದರೆ ಬಿಟ್ಟುಬಿಡಿ. ದೇವನಹಳ್ಳಿಯಲ್ಲಿ ಕಸ್ಟಮ್ಸ್‌ನವರು ಅದನ್ನು ತಡೆದರೆ ಮುಜುಗರ ಪಡುವವರು ಆ ನೆಂಟರು. 'ಇಂಪೋರ್ಟೆಡ್ ಪೀಸ್' ಎಂದು ಬಿಲ್ಲಿಲ್ಲದೆ ಮಾರುವ ಕಡೆ ಕೊಂಡರೆ ವಾರಂಟಿಯೂ ಇಲ್ಲ, ನಾಳೆ ಪೊಲೀಸರು ಕೇಳಿದರೆ ತೋರಿಸಲು ಕಾಗದವೂ ಇಲ್ಲ.

ಹಳೆಯ ಕ್ಯಾಮೆರಾ ಡ್ರೋನ್

ನಿಷೇಧಕ್ಕೆ ಮೊದಲೇ ದೇಶಕ್ಕೆ ಬಂದ, ಬಿಲ್ ಇರುವ ಡ್ರೋನ್‌ಗಳಲ್ಲಿ ಹವ್ಯಾಸಿಗಳಿಗೆ ಹೊಂದುವುದು ಎರಡು: 2019ರ ಮ್ಯಾವಿಕ್ ಮಿನಿ ಮತ್ತು 2020ರ ಮಿನಿ 2. ಎರಡೂ 249 ಗ್ರಾಂ. ನನ್ನ ಮಟ್ಟಿಗೆ ಮಿನಿ 2 ನಿಸ್ಸಂದೇಹವಾಗಿ ಮುಂದಿದೆ. ಮ್ಯಾವಿಕ್ ಮಿನಿಯ ವಿಡಿಯೊ 2.7ಕೆಗೆ ನಿಲ್ಲುತ್ತದೆ, ರಿಮೋಟ್ ಸಂಪರ್ಕ ವೈಫೈ ಮೂಲಕ. ಮನೆಮನೆಗೂ ರೂಟರ್ ಇರುವ ಬೆಂಗಳೂರಿನಂಥ ಊರಿನಲ್ಲಿ ಆ ಸಂಪರ್ಕ ಬೇಗ ತಡವರಿಸುತ್ತದೆ. ಮಿನಿ 2 ಹಾಗಲ್ಲ, 4ಕೆ ವಿಡಿಯೊ ಕೊಡುತ್ತದೆ, ಸಂಪರ್ಕವೂ ಗಟ್ಟಿ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಶಕ್ತಿ ಎರಡಕ್ಕೂ ಇದೆ, ಕ್ಯಾಮೆರಾವನ್ನು ಸ್ಥಿರವಾಗಿ ಹಿಡಿಯುವ ಮೂರು ಅಕ್ಷದ ಗಿಂಬಲ್ ಇರುವುದರಿಂದ ಚಿತ್ರ ಅಲುಗುವುದಿಲ್ಲ. ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್ ಎರಡಕ್ಕೂ ಇಲ್ಲ, ಕೆಳಗಡೆ ನೋಡುವುದಷ್ಟೇ.

ಹಳೆಯದನ್ನು ಕೊಳ್ಳುವಾಗ ನೋಡಬೇಕಾದದ್ದು ಮೈಮೇಲಿನ ಗೀರುಗಳಲ್ಲ, ಬ್ಯಾಟರಿ. ಬ್ಯಾಟರಿಯನ್ನು ಹೊರಗೆ ತೆಗೆದು ಸಮತಟ್ಟಾದ ಮೇಜಿನ ಮೇಲಿಡಿ. ಬೆರಳಿನಿಂದ ಒಂದು ಮೂಲೆ ಒತ್ತಿದಾಗ ಇನ್ನೊಂದು ಮೂಲೆ ಏಳುತ್ತಿದ್ದರೆ ಒಳಗಿನ ಸೆಲ್ ಉಬ್ಬಿದೆ ಎಂದರ್ಥ. ಡ್ರೋನ್‌ಗೆ ಜಾರಿಸುವಾಗ ಬಿಗಿಯಾಗಿ ಉಜ್ಜುತ್ತಾ ಹೋದರೂ ಅದೇ ಲಕ್ಷಣ. ಅಂಥ ಬ್ಯಾಟರಿ ಉಚಿತವಾಗಿ ಕೊಟ್ಟರೂ ಬೇಡ. ಆ್ಯಪ್‌ನಲ್ಲಿ ಪ್ರತಿ ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂಬ ಎಣಿಕೆ ಸಿಗುತ್ತದೆ, ಮಾರುವವರ ಎದುರೇ ತೆರೆದು ನೋಡಿ. ನಂತರ ಗಿಂಬಲ್: ಸ್ವಿಚ್ ಹಾಕಿದ ಕೂಡಲೇ ಕ್ಯಾಮೆರಾ ಒಂದು ಸುತ್ತು ಅತ್ತಿತ್ತ ಆಡಿ ನೇರಕ್ಕೆ ಬಂದು ನಿಲ್ಲಬೇಕು. ತೂಕಡಿಸಿದಂತೆ ಒಂದು ಕಡೆ ವಾಲಿದರೆ ಒಳಗಿನ ತೆಳು ರಿಬ್ಬನ್ ಕೇಬಲ್‌ಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಕೊನೆಗೆ, ಡ್ರೋನನ್ನು ಹಳೆಯ ಮಾಲೀಕರ ಅಕೌಂಟ್‌ನಿಂದ ಅವರೇ ತೆಗೆಯಲಿ, ನಿಮ್ಮ ಎದುರಿನಲ್ಲೇ ತೆಗೆಯಲಿ. ಆಂಡ್ರಾಯ್ಡ್ ಫೋನ್ ಇರುವವರಿಗೆ ಇನ್ನೊಂದು ಮಾತು: ಡಿಜೆಐ ಫ್ಲೈ ಆ್ಯಪ್ ಗೂಗಲ್ ಪ್ಲೇನಲ್ಲಿ ಇಲ್ಲ, ಕಂಪನಿಯ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬೇಕು. ಯಾವುದೋ ಲಿಂಕ್ ಒತ್ತಿ ಹಾಕಿಕೊಳ್ಳಬೇಡಿ.

ಈಗ ಸರದಿಯ ಲೆಕ್ಕ. ಮಿನಿ 2 ಬ್ಯಾಟರಿಗೆ ಕಂಪನಿ ಹೇಳುವುದು 31 ನಿಮಿಷ. ಅದು ಗಾಳಿಯಿಲ್ಲದ ಜಾಗದಲ್ಲಿ, ಹೊಸ ಬ್ಯಾಟರಿಯಲ್ಲಿ, ಪೂರ್ತಿ ಖಾಲಿಯಾಗುವವರೆಗಿನ ಮಾತು. ಹಳೆಯ ಬ್ಯಾಟರಿಯಲ್ಲಿ, ಕಾಲು ಭಾಗ ಉಳಿದಿರುವಾಗಲೇ ಇಳಿಸುವ ಒಳ್ಳೆಯ ಅಭ್ಯಾಸ ಇಟ್ಟುಕೊಂಡರೆ, ಇಪ್ಪತ್ತು ನಿಮಿಷ ಸಿಕ್ಕರೆ ಚೆನ್ನಾಗಿ ಸಿಕ್ಕಂತೆ. ಮೂರು ಬ್ಯಾಟರಿ ಇದ್ದರೆ ಒಂದು ಗಂಟೆ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 15 ನಿಮಿಷ. ಚಾರ್ಜಿಂಗ್ ಹಬ್‌ಗೆ ಹಾಕಿದ ಬ್ಯಾಟರಿಗಳು ಒಂದಾದ ಮೇಲೊಂದರಂತೆ ತುಂಬುವುದರಿಂದ ಅಂದು ಮಧ್ಯಾಹ್ನಕ್ಕೆ ಎರಡನೇ ಸುತ್ತು ಸಿಗುವುದು ಕಷ್ಟ. ಬೆಳಿಗ್ಗೆ ಐದಕ್ಕೆ ಎದ್ದು ಮಾಗಡಿ ಕಡೆಗೆ ಹೋಗಿ ಬರುವ ನಾಲ್ವರಿಗೆ ತಲಾ ಕಾಲು ಗಂಟೆ ಎನ್ನುವುದು ಕಡಿಮೆಯೇ. ಆದರೂ ಗುಂಪಿನಲ್ಲಿ ಇಬ್ಬರಿಗೆ ಹಾರಿಸುವುದಕ್ಕಿಂತ ಚಿತ್ರ ತೆಗೆಯುವ, ಎಡಿಟ್ ಮಾಡುವ ಹುಚ್ಚು ಹೆಚ್ಚಿದ್ದರೆ ಈ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಒಬ್ಬರು ರಿಮೋಟಿನ ಕಡ್ಡಿ ಹಿಡಿಯುತ್ತಾರೆ, ಪಕ್ಕದಲ್ಲಿ ನಿಂತವರು ಸ್ಕ್ರೀನ್ ನೋಡಿ ಫ್ರೇಮ್ ಹೇಳುತ್ತಾರೆ. ರಾಗಿ ಹೊಲದ ಸಾಲುಗಳ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಇಬ್ಬರಿಗೂ ಕೈತುಂಬ ಕೆಲಸ.

ದೇಶದಲ್ಲೇ ತಯಾರಾದ ಹೊಸ ನ್ಯಾನೊ

ಬಿಲ್ಲು, ವಾರಂಟಿ, ಬಿಡಿಭಾಗ ಎಲ್ಲ ನೇರವಾಗಿ ಸಿಗಬೇಕು ಅನ್ನುವವರಿಗೆ ಇದು ಸರಿಯಾದ ದಾರಿ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ 5ಕ್ಕೆ ಇಳಿದಿದೆ. ಅದಕ್ಕೆ ಮೊದಲು ಕ್ಯಾಮೆರಾ ಇದ್ದರೆ ಶೇ 18, ಸ್ವಂತ ಬಳಕೆಗಾದರೆ ಶೇ 28 ಎಂದು ಹಾಕುತ್ತಿದ್ದರು. ಅಂಗಡಿಯವರು ಹಳೆಯ ದರದ ಲೆಕ್ಕ ಹೇಳಿದರೆ ಕೇಳಿ ತಿದ್ದಿಸಿ.

ಈ ವರ್ಗದಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಹಾಗಾಗಿ ಬ್ರ್ಯಾಂಡಿಗಿಂತ ನಾಲ್ಕು ಪ್ರಶ್ನೆ ಮುಖ್ಯ. ಜಿಪಿಎಸ್ ಇದೆಯಾ? ಇಲ್ಲದಿದ್ದರೆ ಗಾಳಿ ಬಂದಾಗ ಡ್ರೋನ್ ನಿಂತಲ್ಲಿ ನಿಲ್ಲುವುದಿಲ್ಲ, ಸಂಪರ್ಕ ಕಡಿದರೆ ಹೊರಟ ಜಾಗಕ್ಕೆ ತಾನೇ ಮರಳುವುದೂ ಇಲ್ಲ. ಕ್ಯಾಮೆರಾ ನಿಜವಾದ ಗಿಂಬಲ್ ಮೇಲೆ ಕೂತಿದೆಯಾ, ಅಥವಾ ಅಲುಗಾಟವನ್ನು ಸಾಫ್ಟ್‌ವೇರ್ ಕತ್ತರಿಸಿ ತೆಗೆಯುತ್ತದೆಯಾ? ಬಿಡಿ ಬ್ಯಾಟರಿ ಇವತ್ತೇ ಸ್ಟಾಕ್‌ನಲ್ಲಿದೆಯಾ? ರಿಪೇರಿ ಎಲ್ಲಿ? ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ಕೊಳ್ಳಬಹುದು. ಚಿತ್ರದಲ್ಲಿ ಅದು ಮಿನಿ 2ರ ಸಮಕ್ಕೆ ಬರುತ್ತದೆ ಎಂದು ಮಾರುವವರು ಹೇಳಿದರೆ ಬೆಳಿಗ್ಗೆ, ಸಂಜೆ ತೆಗೆದ ಎಡಿಟ್ ಮಾಡದ ವಿಡಿಯೊ ಕೇಳಿ. ನಡುಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಕ್ಯಾಮೆರಾವೂ ಚೆನ್ನಾಗಿಯೇ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಮೂರು ನಾಲ್ಕು ಸಾವಿರಕ್ಕೆ 'ಡ್ಯುಯಲ್ ಕ್ಯಾಮೆರಾ 4ಕೆ ಡ್ರೋನ್' ಎಂದು ಬರುವುದು ಈ ಪಟ್ಟಿಗೆ ಸೇರುವುದಿಲ್ಲ. ಅದು ಆಟಿಕೆ. ಜಿಪಿಎಸ್ ಇಲ್ಲ, ಗಿಂಬಲ್ ಇಲ್ಲ, 4ಕೆ ಎನ್ನುವುದು ಡಬ್ಬದ ಮೇಲಿನ ಮಾತು. ನಾಲ್ವರು ಸೇರಿ ಇಂಥ ನಾಲ್ಕು ಕೊಂಡರೆ ಸರದಿಯ ಸಮಸ್ಯೆ ಬಗೆಹರಿಯಿತು ಅನಿಸಬಹುದು. ಹೊರಗೆ ತಂದ ಮೊದಲ ದಿನವೇ ಒಂದೆರಡು ಪಕ್ಕದ ಸೈಟಿನ ಮರ ಸೇರುತ್ತವೆ. ಮಕ್ಕಳು ಹಾಲ್‌ನಲ್ಲಿ ಆಡಲು ಸಾಕು, ಹವ್ಯಾಸಕ್ಕೆ ಸಾಲದು.

ಕಲಿಯುವ ಉತ್ಸಾಹ ಇರುವ ಕಾಲೇಜು ಹುಡುಗ ಹುಡುಗಿಯರಿಗೆ ಮುಂಬೈನ ದ್ರೋಣ ಏವಿಯೇಷನ್‌ನವರ ಪ್ಲೂಟೊ ಎಂಬ ಪುಟ್ಟ ಡ್ರೋನ್ ಇದೆ. ಅದಕ್ಕೆ ನಾವೇ ಕೋಡ್ ಬರೆದು ಹಾಕಬಹುದು. ಚಿತ್ರಕ್ಕಾಗಿ ಅದನ್ನು ಕೊಳ್ಳಬೇಡಿ, ಡ್ರೋನ್ ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ಎಂದು ಅರಿಯಲು ಕೊಳ್ಳಿ.

ಕೈಯಾರೆ ಕಟ್ಟುವ ಎಫ್‌ಪಿವಿ

ನಾಲ್ವರು ಗೆಳೆಯರು ಕೇಳಿದರೆ ನಾನು ಹೇಳುವುದು ಇದನ್ನೇ. ಕಾರಣ ವಿವರವಾಗಿ ಹೇಳಬೇಕು.

ಎಫ್‌ಪಿವಿಯಲ್ಲಿ ಡ್ರೋನಿನ ಮೂಗಿನ ಮೇಲಿನ ಕ್ಯಾಮೆರಾ ನೋಡುತ್ತಿರುವುದನ್ನು ಹಾರಿಸುವವರು ಗಾಗಲ್ಸ್‌ನಲ್ಲಿ ನೇರವಾಗಿ ನೋಡುತ್ತಾರೆ. ಇವುಗಳಲ್ಲಿ ತೀರ ಚಿಕ್ಕವನ್ನು ಟೈನಿ ವೂಪ್ ಎನ್ನುತ್ತಾರೆ. ಮೋಟರಿನಿಂದ ಮೋಟರಿಗೆ ಓರೆಯಾಗಿ ಅಳೆದರೆ 65 ಮಿಲಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಪ್ರೊಪೆಲ್ಲರ್ ಸುತ್ತ ಪ್ಲಾಸ್ಟಿಕ್ ಬಳೆ ಇರುವುದರಿಂದ ಗೋಡೆಗೆ, ಮನುಷ್ಯರಿಗೆ ತಾಗಿದರೂ ಅಪಾಯ ಕಡಿಮೆ. ಬ್ಯಾಟರಿ ಸೇರಿ ನಲವತ್ತು ಗ್ರಾಂ ಒಳಗೇ ಮುಗಿಯುತ್ತದೆ, 250ರ ಗೆರೆಯ ಚಿಂತೆಯೇ ಇಲ್ಲ.

ಸರದಿಯ ಪ್ರಶ್ನೆಗೆ ಇದು ಕೊಡುವ ಉತ್ತರ ನೋಡಿ. ಮೊದಲನೆಯದು, ಒಬ್ಬೊಬ್ಬರಿಗೂ ಒಂದೊಂದು ಡ್ರೋನ್ ಸಾಧ್ಯ, ಏಕೆಂದರೆ ದುಡ್ಡು ಹೆಚ್ಚು ಹೋಗುವುದು ಗಾಗಲ್ಸ್ ಮತ್ತು ರಿಮೋಟ್‌ಗೆ. ಎರಡನೆಯದು, ನನಗೆ ಅತಿ ಪ್ರಿಯವಾದದ್ದು: ಈ ವೂಪ್‌ಗಳ ಅನಲಾಗ್ ವಿಡಿಯೊ ಎಲ್ಲರಿಗೂ ತೆರೆದ ಪ್ರಸಾರ. ಒಬ್ಬರು ಹಾರಿಸುತ್ತಿರುವಾಗ ಉಳಿದವರು ತಮ್ಮ ಗಾಗಲ್ಸನ್ನು ಅದೇ ಚಾನೆಲ್‌ಗೆ ತಿರುಗಿಸಿದರೆ ಅವರೂ ಅದೇ ಹಾರಾಟದೊಳಗೆ ಕೂತಂತೆ. ಕುರ್ಚಿ ಕಾಲಿನ ಸಂದಿಯಲ್ಲಿ ನುಸುಳುವಾಗ ಮೂವರೂ ಒಟ್ಟಿಗೆ ತಲೆ ತಗ್ಗಿಸುತ್ತಾರೆ. ಕ್ಯಾಮೆರಾ ಡ್ರೋನಿನಲ್ಲಿ ಕಾಯುವವರಿಗೆ ಆಕಾಶದಲ್ಲಿ ಒಂದು ಚುಕ್ಕಿ ಕಾಣುತ್ತದೆ, ಇಲ್ಲಿ ಕಾಯುವುದೇ ಅರ್ಧ ಆಟ. ಮೂರನೆಯದು, ನಾಲ್ವರೂ ಬೇರೆ ಬೇರೆ ಚಾನೆಲ್‌ನಲ್ಲಿ ಒಟ್ಟಿಗೇ ಹಾರಿಸಬಹುದು. ಆಗ ಎಲ್ಲರೂ ವಿಡಿಯೊ ಟ್ರಾನ್ಸ್‌ಮಿಟರ್ ಶಕ್ತಿಯನ್ನು 25 ಮಿಲಿವ್ಯಾಟ್‌ಗೆ ಇಳಿಸಿಕೊಂಡರೆ ಒಬ್ಬರ ಚಿತ್ರ ಇನ್ನೊಬ್ಬರ ಮೇಲೆ ಹರಿಯುವುದಿಲ್ಲ.

ಹಾರಾಟ ಒಂದು ಬ್ಯಾಟರಿಗೆ ಮೂರು ನಾಲ್ಕು ನಿಮಿಷ ಅಷ್ಟೇ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಬ್ಯಾಟರಿ ಕಿರುಬೆರಳಿನಷ್ಟಿದೆ, ಬೆಲೆ ಕಡಿಮೆ, ಒಂದೇ ಚಾರ್ಜರ್‌ನಲ್ಲಿ ಆರು ಒಟ್ಟಿಗೆ ತುಂಬುತ್ತವೆ. ತಲೆಗೆ ಎಂಟು ಬ್ಯಾಟರಿ ಇಟ್ಟುಕೊಂಡರೆ ಅರ್ಧ ಗಂಟೆ ನಿಮ್ಮದೇ, ಯಾರ ಸರದಿಯನ್ನೂ ಕಾಯದೆ.

ಜೋಡಿಸುವ ಕೆಲಸ ಹೀಗೆ. ಫ್ರೇಮ್, ನಾಲ್ಕು ಮೋಟರ್, ಕ್ಯಾಮೆರಾ, ಪ್ರೊಪೆಲ್ಲರ್, ಮತ್ತು ಎಲ್ಲವನ್ನೂ ನಿಭಾಯಿಸುವ ಒಂದು ಬೋರ್ಡ್. ಈಗಿನ ಬೋರ್ಡ್‌ಗಳಲ್ಲಿ ಮೋಟರ್ ಸ್ಪೀಡ್ ಕಂಟ್ರೋಲರ್, ರಿಸೀವರ್, ವಿಡಿಯೊ ಟ್ರಾನ್ಸ್‌ಮಿಟರ್ ಎಲ್ಲ ಒಂದರಲ್ಲೇ ಇರುತ್ತವೆ. ಬೆಸುಗೆ ಹಾಕಬೇಕಾದದ್ದು ಬ್ಯಾಟರಿ ವೈರು, ಕ್ಯಾಮೆರಾದ ಮೂರು ತಂತಿ, ಅಷ್ಟೆ. ಎಸ್.ಪಿ. ರಸ್ತೆಯಲ್ಲಿ ಮೊನಚು ತುದಿಯ ಸೋಲ್ಡರಿಂಗ್ ಐರನ್, ಫ್ಲಕ್ಸ್, ಮಲ್ಟಿಮೀಟರ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಸೂಕ್ಷ್ಮ ಬಿಡಿಭಾಗಗಳಿಗೆ ಹವ್ಯಾಸಿಗಳ ಆನ್‌ಲೈನ್ ಅಂಗಡಿಗಳೇ ವಾಸಿ. ರಿಮೋಟ್ ಆರಿಸುವಾಗ 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೊ ಸಂಪರ್ಕ ವ್ಯವಸ್ಥೆ ಇರುವುದನ್ನು ತೆಗೆದುಕೊಳ್ಳಿ. ಅಮೆರಿಕದವರು ಬಳಸುವ 915 ಮೆಗಾಹರ್ಟ್ಸ್ ನಮ್ಮಲ್ಲಿ ಲೈಸೆನ್ಸ್‌ ಇಲ್ಲದೆ ಬಳಸುವ ಪಟ್ಟಿಯಲ್ಲಿಲ್ಲ.

ಬೋರ್ಡನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬೋರ್ಡನ್ನು ಹೊಂದಿಸುವ ಬೀಟಾಫ್ಲೈಟ್ ಎಂಬ ಸಾಫ್ಟ್‌ವೇರ್ ತೆರೆದು ಮೋಟರ್ ಒಂದೊಂದನ್ನೇ ತಿರುಗಿಸಿ ನೋಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಇದಕ್ಕೆ ವಿನಾಯಿತಿ ಇಲ್ಲ. ಜೋಡಿಸಿದ ಮೇಲೆ ಮೊದಲ ಸಲ ಏರಿಸಿದಾಗ ಡ್ರೋನ್ ಏಳದೆ ಪಲ್ಟಿ ಹೊಡೆದರೆ ಗಾಬರಿ ಬೇಡ. ಒಂದು ಪ್ರೊಪೆಲ್ಲರ್ ಅದಲುಬದಲಾಗಿದೆ, ಅಥವಾ ಒಂದು ಮೋಟರ್ ತಿರುಗುವ ದಿಕ್ಕು ತಪ್ಪಿದೆ. ಬೆನ್ನಿನ ಮೇಲೆ ಬಿದ್ದ ವೂಪನ್ನು ಎದ್ದು ಹೋಗಿ ಎತ್ತಬೇಕಿಲ್ಲ, ಟರ್ಟಲ್ ಮೋಡ್‌ನ ಸ್ವಿಚ್ ಒತ್ತಿದರೆ ಮೋಟರ್ ಹಿಮ್ಮುಖ ತಿರುಗಿ ಅದೇ ಮಗ್ಗುಲು ಬದಲಿಸುತ್ತದೆ. ಮನೆಯೊಳಗೆ ಹಾರಿಸುವ ಮುನ್ನ ಸೀಲಿಂಗ್ ಫ್ಯಾನ್ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮಳೆ, ಗಾಳಿ ಇರುವಾಗ ಯಾರದಾದರೂ ಮನೆಯ ಹಾಲ್‌ನಲ್ಲೇ ಹವ್ಯಾಸ ಮುಂದುವರಿಯುತ್ತದೆ. ಕ್ಯಾಮೆರಾ ಡ್ರೋನಿಗೆ ಆ ಅನುಕೂಲವಿಲ್ಲ. ಒಳಗೆ ಜಿಪಿಎಸ್ ಸಿಗದೆ, ಮಬ್ಬು ಬೆಳಕಿನಲ್ಲಿ ನೆಲವೂ ಸರಿಯಾಗಿ ಕಾಣದೆ ಅದು ತೇಲಾಡುತ್ತದೆ.

ಕೊರತೆಗಳನ್ನೂ ಹೇಳಬೇಕು. ಚಿತ್ರ ಚೆನ್ನಾಗಿರುವುದಿಲ್ಲ. ಹಳೆಯ ಆಂಟೆನಾ ಟಿವಿಯ ಹಾಗೆ ಚುಕ್ಕಿ ಚುಕ್ಕಿಯಾಗಿ ಬರುತ್ತದೆ, ಇನ್‌ಸ್ಟಾಗ್ರಾಮ್‌ಗೆ ಹಾಕುವಂಥದ್ದಲ್ಲ. ಕಲಿಕೆ ನಿಧಾನ. ಕಡ್ಡಿ ಬಿಟ್ಟರೆ ಮಿನಿ 2 ನಿಂತಲ್ಲೇ ನಿಲ್ಲುತ್ತದೆ, ಇದು ಬೀಳುತ್ತದೆ. ಗಾಗಲ್ಸ್ ಹಾಕಿಕೊಂಡವರಿಗೆ ಸುತ್ತಮುತ್ತ ಕಾಣದ ಕಾರಣ ಹೊರಗೆ ಹಾರಿಸುವಾಗ ಪಕ್ಕದಲ್ಲಿ ಒಬ್ಬರು ಬರಿಗಣ್ಣಿನಿಂದ ಡ್ರೋನನ್ನೇ ನೋಡುತ್ತಿರಬೇಕು. ನಿಯಮಗಳು ಮನರಂಜನೆಗೆ ಹಾರಿಸುವ ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟಿನ ವಿನಾಯಿತಿ ಕೊಟ್ಟಿರುವುದು ಕಣ್ಣಳತೆಯೊಳಗಿನ ಹಾರಾಟಕ್ಕೆ. ಈ ಪಾತ್ರಕ್ಕೆ ಗೆಳೆಯರೇ ಬೇಕು, ಎಫ್‌ಪಿವಿ ಒಬ್ಬಂಟಿಗರ ಆಟವಲ್ಲ ಎನ್ನುವುದೂ ಇದಕ್ಕೇ.

ವೂಪ್ ಕೈಗೆ ಹತ್ತಿದ ಕೂಡಲೇ ಮನಸ್ಸು ಐದು ಇಂಚಿನ ಪ್ರೊಪೆಲ್ಲರ್‌ನ ದೊಡ್ಡ ಡ್ರೋನ್ ಕಡೆ ಓಡುತ್ತದೆ. ಅವಸರ ಬೇಡ. ಅದು 250 ಗ್ರಾಂ ದಾಟುತ್ತದೆ, ಗಂಟೆಗೆ ನೂರು ಕಿಲೋಮೀಟರ್ ಮೀರಿ ಓಡಬಲ್ಲದು, ಬೆರಳು ಕತ್ತರಿಸಬಲ್ಲದು. ದೊಡ್ಡ ಲಿಪೊ ಬ್ಯಾಟರಿಗಳ ಶಿಸ್ತು ಮೊದಲು ಚಿಕ್ಕದರಲ್ಲೇ ರೂಢಿಯಾಗಲಿ: ಸೆಲ್‌ಗೆ 4.2 ವೋಲ್ಟ್ ತುಂಬಿದರೆ ಭರ್ತಿ, 3.5ಕ್ಕೆ ಇಳಿಯುವ ಹೊತ್ತಿಗೆ ಡ್ರೋನ್ ಕೆಳಗಿರಬೇಕು, ವಾರಗಟ್ಟಲೆ ಇಡುವುದಾದರೆ 3.8 ಆಸುಪಾಸಿನಲ್ಲಿ ಇಡಬೇಕು. ಚಾರ್ಜಿಗೆ ಹಾಕಿ ಮಲಗುವಂತಿಲ್ಲ.

ಬೆಂಗಳೂರಿನಲ್ಲಿ ಎಲ್ಲಿ

ಯಾವ ಡ್ರೋನ್ ಎಂಬುದನ್ನು ಜಾಗವೂ ತೀರ್ಮಾನಿಸುತ್ತದೆ. ನಮ್ಮ ಊರಿನ ಆಕಾಶ ಬಹಳ ಇಕ್ಕಟ್ಟು. ದೇವನಹಳ್ಳಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ, ಯಲಹಂಕದಲ್ಲಿ ವಾಯುಪಡೆ ನೆಲೆ, ಜಕ್ಕೂರಿನಲ್ಲಿ ತರಬೇತಿ ಏರೋಡ್ರೋಮ್, ಪೂರ್ವಕ್ಕೆ ಎಚ್‌ಎಎಲ್. ಇಂದಿರಾನಗರ, ದೊಮ್ಮಲೂರು, ಮಾರತ್ತಹಳ್ಳಿ, ಹೆಬ್ಬಾಳ, ಸಹಕಾರನಗರ ಎಲ್ಲವೂ ಒಂದಲ್ಲ ಒಂದು ರನ್‌ವೇಯ ಮಗ್ಗುಲಲ್ಲಿವೆ. ಡ್ರೋನ್‌ಗಳಿಗಾಗಿ ಸರಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಆ ಮಿತಿ 200 ಅಡಿ. ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಏರಿಸುವಂತಿಲ್ಲ. ಹೊರಡುವ ದಿನ ಬೆಳಿಗ್ಗೆಯೇ ಆ ನಕ್ಷೆ ನೋಡಿ. ಬೆಸ ವರ್ಷಗಳ ಫೆಬ್ರವರಿಯಲ್ಲಿ ಏರೋ ಇಂಡಿಯಾ ನಡೆಯುವಾಗ, ಗಣ್ಯರು ಬಂದಾಗ, ರಾಷ್ಟ್ರೀಯ ಹಬ್ಬಗಳ ಆಸುಪಾಸಿನಲ್ಲಿ ಪೊಲೀಸರು ಪ್ರತ್ಯೇಕ ನಿರ್ಬಂಧ ಹಾಕುವುದುಂಟು.

ವಿಧಾನಸೌಧ, ಕಬ್ಬನ್ ಪಾರ್ಕ್, ಲಾಲ್‌ಬಾಗ್, ನಂದಿಬೆಟ್ಟ: ಎಲ್ಲರಿಗೂ ಆಸೆಯಾಗುವ ಜಾಗಗಳು ಇವೇ. ಅನುಮತಿಯಿಲ್ಲದೆ ಅಲ್ಲಿ ಹಾರಿಸಬೇಡಿ. ಬನ್ನೇರುಘಟ್ಟದ ಕಾಡು, ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮದ ಬಗ್ಗೆ ನನ್ನ ಮಾತು ಇನ್ನೂ ಖಡಕ್. ಬಂಡೆಯ ಸೀಳಿನಲ್ಲಿ ಮೊಟ್ಟೆ ಇಟ್ಟು ಕೂತ ರಣಹದ್ದಿನ ಮುಂದೆ ಗುಂಯ್‌ಗುಟ್ಟುವ ಯಂತ್ರ ಹೋದರೆ ಅದು ಗೂಡು ಬಿಟ್ಟು ಹಾರಬಹುದು. ಹಾಗೆಯೇ ಹೆಸರಘಟ್ಟದ ಹುಲ್ಲುಗಾವಲು. ಬಯಲು ನೋಡಿದರೆ ಡ್ರೋನಿಗೆಂದೇ ಮಾಡಿದಂತಿದೆ, ಆದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮನೆ ಅದು. ಬಿಟ್ಟುಬಿಡೋಣ.

ಉಳಿಯುವುದು ಪಶ್ಚಿಮ, ನೈಋತ್ಯ ದಿಕ್ಕು. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ, ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಆಚೆ, ಪರಿಚಯದವರ ತೋಟವೋ ಕೊಯ್ಲಾದ ರಾಗಿ ಹೊಲವೋ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಜಮೀನಿನವರಿಗೆ ಮೊದಲೇ ಹೇಳಿ, ಅವರ ಹೊಲದ ಒಂದು ಒಳ್ಳೆಯ ಚಿತ್ರ ತೆಗೆದು ಕಳಿಸಿ. ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ. ತೋಟದಲ್ಲಿ ಪಂಪ್‌ಸೆಟ್ಟಿನ ಕರೆಂಟ್ ತಂತಿ ನೋಡಿಕೊಳ್ಳಿ, ಅಡೆತಡೆ ಗುರುತಿಸುವ ದುಬಾರಿ ಸೆನ್ಸರ್‌ಗೂ ತೆಳು ತಂತಿ ಕಾಣುವುದಿಲ್ಲ. ಡ್ರೋನ್ ತಾನೇ ಮರಳುವಾಗ ಹಾರುವ ಎತ್ತರವನ್ನು ಅಲ್ಲಿನ ಅತಿ ಎತ್ತರದ ತೆಂಗಿನ ಮರಕ್ಕಿಂತ, ಹೈಟೆನ್ಷನ್ ಟವರ್ ಇದ್ದರೆ ಅದಕ್ಕಿಂತ ಮೇಲೆ ಇಟ್ಟುಕೊಳ್ಳಿ. ಮನೆಯ ತಾರಸಿಯಿಂದ ಏರಿಸುವುದು ಬೇಡ, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಡ್ರೋನಿನ ದಿಕ್ಸೂಚಿ ದಾರಿ ತಪ್ಪುತ್ತದೆ. ಸುತ್ತಲಿನ ಮನೆಯವರ ಕಿಟಕಿ, ತಾರಸಿಗಳ ಮರ್ಯಾದೆಯೂ ಇದೆ.

ಆಷಾಢದ ಗಾಳಿ 250 ಗ್ರಾಂ ಡ್ರೋನಿಗೆ ನಿಜವಾದ ಪರೀಕ್ಷೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ. ಇದನ್ನು ತಲೆಕೆಳಗು ಮಾಡಿದವರ ಬ್ಯಾಟರಿ ವಾಪಸು ದಾರಿಯಲ್ಲೇ ಮುಗಿಯುತ್ತದೆ. ಗಾಳಿಪಟ ಹಾರಿಸುವ ಬಯಲಿನ ಹತ್ತಿರ ಆ ದಿನಗಳಲ್ಲಿ ಹೋಗಲೇಬೇಡಿ, ಮಾಂಜಾ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಡ್ರೋನ್ ಕಲ್ಲಿನಂತೆ ಕೆಳಗೆ. ಇನ್ನು ಹದ್ದುಗಳು. ಕೆರೆ ದಂಡೆ, ಮಾಂಸದಂಗಡಿಗಳ ಸಾಲಿನ ಮೇಲೆ ಸುತ್ತುವ ಹದ್ದು, ಗರುಡಗಳು ಡ್ರೋನನ್ನು ಎದುರಾಳಿ ಎಂದೇ ಭಾವಿಸಿ ಎರಗುತ್ತವೆ. ಬಿಸಿಲೇರಿ ನೆಲದಿಂದ ಬಿಸಿಗಾಳಿ ಏಳಲು ಶುರುವಾದ ಮೇಲೆ ಅವು ಮೇಲೇರುವುದು. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಂಡರೆ ಹದ್ದಿನ ಕಾಟವೂ ಕಡಿಮೆ, ಗಾಳಿಯೂ ಕಡಿಮೆ, ಬೆಳಕೂ ಚೆನ್ನ.

ದುಡ್ಡಿನ ಮಾತು

ಒಂದೇ ಡ್ರೋನನ್ನು ಪಾಲಿನಲ್ಲಿ ಕೊಳ್ಳುವವರು ಬೀಳುವ ಮೊದಲೇ ಮಾತಾಡಿಕೊಳ್ಳಿ. ಬೀಳಿಸಿದವರೇ ಪೂರ್ತಿ ಕಟ್ಟಬೇಕು ಎಂಬ ನಿಯಮ ನ್ಯಾಯವಾಗಿ ಕಾಣುತ್ತದೆ, ಆದರೆ ಅದರಿಂದ ಹೊಸಬರು ರಿಮೋಟ್ ಮುಟ್ಟಲು ಹೆದರುತ್ತಾರೆ. ತಿಂಗಳಿಗೆ ಇಷ್ಟು ಎಂದು ಎಲ್ಲರೂ ಚೀಟಿ ಹಣದ ಹಾಗೆ ಒಂದೆಡೆ ಹಾಕಿ, ರಿಪೇರಿ, ಬ್ಯಾಟರಿ ಎಲ್ಲ ಅದರಿಂದಲೇ ಆಗಲಿ. ನೋಂದಣಿ ಯಾರ ಹೆಸರಲ್ಲಿದೆಯೋ ಅವರಿಗೆ ಬೇಡ ಎನ್ನುವ ಹಕ್ಕು ಇರಲಿ. ಈ ಜಾಗದಲ್ಲಿ ಬೇಡ ಎಂದು ಅವರು ಹೇಳಿದರೆ ಚರ್ಚೆ ಮುಗಿಯಿತು. ಮಿನಿ 2ರ ಪ್ರೊಪೆಲ್ಲರ್ ಬದಲಿಸುವಾಗ ಒಂದು ಮೋಟರಿನ ಎರಡೂ ರೆಕ್ಕೆಗಳನ್ನು ಒಟ್ಟಿಗೇ ಬದಲಿಸಿ. ಗುರುತಿರುವ ರೆಕ್ಕೆ ಗುರುತಿರುವ ತೋಳಿಗೇ ಹೋಗಬೇಕು. ಆ ಪುಟ್ಟ ಸ್ಕ್ರೂಡ್ರೈವರ್ ಚೀಲದಲ್ಲೇ ಇರಲಿ.

ಪ್ರವಾಸಕ್ಕೋ ಗೆಳೆಯನ ಮದುವೆಗೋ ವರ್ಷಕ್ಕೊಮ್ಮೆ ಮಾತ್ರ ವಿಡಿಯೊ ಬೇಕಿರುವವರು ಏನನ್ನೂ ಕೊಳ್ಳಬೇಕಿಲ್ಲ. ಆಪರೇಟರ್ ಸಮೇತ ಬಾಡಿಗೆಗೆ ಸಿಗುತ್ತದೆ, ಕಾಗದಪತ್ರ ಸರಿಯಿದೆಯಾ ಎಂದು ಕೇಳಿ ಗೊತ್ತುಮಾಡಿ.

ಯಾರಿಗೆ ಯಾವುದು

ಇಬ್ಬರೇ ಇದ್ದೀರಿ, ಚಿತ್ರವೇ ಮುಖ್ಯ ಎಂದಾದರೆ ಬಿಲ್ ಇರುವ ಹಳೆಯ ಮಿನಿ 2, ಮೂರು ಒಳ್ಳೆಯ ಬ್ಯಾಟರಿಗಳೊಂದಿಗೆ. ಅಂಥದ್ದು ಸಿಗದಿದ್ದರೆ, ಅಥವಾ ಹಳೆಯ ಬ್ಯಾಟರಿಯ ತಲೆನೋವು ಬೇಡವೆಂದರೆ, ಆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟ ದೇಶೀ ನ್ಯಾನೊ. ಮನೆಯಲ್ಲಿ ಹಿರಿಯರು, ಮಕ್ಕಳು ಎಲ್ಲರೂ ಒಂದೊಂದು ಕೈ ನೋಡುವುದಿದ್ದರೂ ಇವೆರಡೇ ಸರಿ, ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು.

ಮೂವರು ಅಥವಾ ಹೆಚ್ಚು ಇದ್ದು, ವಾರ ವಾರ ಸೇರುವ ಗುಂಪಾದರೆ ವೂಪ್. ಇಲ್ಲಿ ಕೊಳ್ಳುವ ಕ್ರಮವೂ ಮುಖ್ಯ. ಮೊದಲು ಡ್ರೋನ್ ಬೇಡ. ಏಳೆಂಟು ಸಾವಿರದ ಆಸುಪಾಸಿಗೆ ಸಿಗುವ ಚಿಕ್ಕ ರಿಮೋಟ್ ಒಂದು ತರಿಸಿ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಲಿಫ್ಟ್‌ಆಫ್ ಅಥವಾ ವೆಲೊಸಿಡ್ರೋನ್‌ನಂಥ ಸಿಮ್ಯುಲೇಟರ್‌ನಲ್ಲಿ ಸರದಿಯಂತೆ ಕೂತು ಕಲಿಯಿರಿ. ಅಲ್ಲಿ ನೂರು ಸಲ ಬಿದ್ದರೂ ಒಂದು ಪೈಸೆ ಖರ್ಚಿಲ್ಲ, ಅದೇ ರಿಮೋಟ್ ನಾಳೆ ನಿಜವಾದ ಡ್ರೋನಿಗೂ ನಡೆಯುತ್ತದೆ. ಎರಡನೇ ಖರೀದಿ ಎರಡು ಗಾಗಲ್ಸ್, ಒಂದು ವೂಪಿನ ಬಿಡಿಭಾಗ, ಎಂಟು ಬ್ಯಾಟರಿ. ಒಬ್ಬರು ಹಾರಿಸಲಿ, ಇನ್ನೊಬ್ಬರು ಜೊತೆಗೆ ನೋಡಲಿ, ಮೂರನೆಯವರು ಬೆಸುಗೆ ಕಲಿಯಲಿ. ಸಿಮ್ಯುಲೇಟರ್‌ನಲ್ಲಿ ಹತ್ತು ಗಂಟೆ ಕಳೆದ ಮೇಲೂ ಮತ್ತೆ ಯಾವಾಗ ಕೂರೋಣ ಎಂದು ಕೇಳುವವರು ಯಾರೋ, ಎರಡನೇ ವೂಪಿನ ಆರ್ಡರ್ ಅವರ ಹೆಸರಿಗೆ ಹಾಕಿ.